ವೈನಿಗೆ ಹಾವಸೆ, ಮಕ್ಕಳಿಗೆ ಚಿಕ್ಕಿ

‘ಹಾವಸೆ ಯಾರ್ ತಿಂತಾರ್ರಿ?’ ಭಾಲ್ಕಿಯಲ್ಲೋ ಔರಾದಿನಲ್ಲೋ ಈ ಮಾತೆತ್ತಿದರೆ ನಿಮಗೆ ಸಿಗುವ ಉತ್ತರ ಇದೇ. ಅದನ್ನು ವೈನಿಗೆ ಬೆರೆಸಿದರೆ ರುಚಿಯೂ ಪುಷ್ಟಿಯೂ ಹೆಚ್ಚುತ್ತದಂತೆ ಎಂದರಂತೂ ನಗುವೇ ಗತಿ.

ಆದರೆ ಪಾಚಿಗಳಲ್ಲೆಲ್ಲ ಒಂದು ಜಾತಿಗೆ ಬೇರೆಯೇ ಮರ್ಯಾದೆ ಇದೆ. ಅದು ಸ್ಪಿರುಲಿನಾ ಎಂಬ ಅತಿ ಸೂಕ್ಷ್ಮ ನೀಲಿ-ಹಸಿರು ಪಾಚಿ. ಒಣಗಿಸಿದ ಪುಡಿಯಲ್ಲಿ ನೂರಕ್ಕೆ ಸುಮಾರು 60 ಪಾಲು ಪ್ರೋಟೀನು. ಜೊತೆಗೆ ಕಬ್ಬಿಣ, ಬೀಟಾ ಕ್ಯಾರೊಟಿನ್. ಆಫ್ರಿಕದ ಚಾಡ್ ಸರೋವರದ ದಂಡೆಯ ಜನ ಇದನ್ನು ಸೋಸಿ, ಬಿಸಿಲಿಗೆ ಒಣಗಿಸಿ ಸಾರಿಗೆ ಹಾಕುತ್ತಾರೆ. ನಮ್ಮಲ್ಲಿ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ಎಲ್.ವಿ. ವೆಂಕಟರಾಮನ್ ಮತ್ತು ಸಂಗಡಿಗರು 1970ರ ದಶಕದಲ್ಲೇ ಪಾಚಿ ಕೃಷಿಯ ಸಂಶೋಧನೆಗೆ ತೊಡಗಿದ್ದರು. ಸ್ಪಿರುಲಿನಾಕ್ಕೆ ಬೇಕಾದ್ದು ಕ್ಷಾರಗುಣದ ನೀರು, 35 ಡಿಗ್ರಿ ಆಸುಪಾಸಿನ ಶಾಖ, ಧಾರಾಳ ಬಿಸಿಲು. ಔರಾದಿನಲ್ಲಿ ಬಿಸಿಲಿಗೇನು ಬರ?

ಸರಿ, ವೈನಿಗೇಕೆ ಇದು? ದ್ರಾಕ್ಷಿರಸವನ್ನು ಹುದುಗಿಸುವ ಯೀಸ್ಟಿಗೆ ಸಾರಜನಕದ ಆಹಾರ ಬೇಕು. ಅದು ಸಾಲದಿದ್ದರೆ ಹುದುಗುವುದು ಅರ್ಧಕ್ಕೇ ನಿಲ್ಲಬಹುದು, ಕೊಳೆತ ಮೊಟ್ಟೆಯ ವಾಸನೆಯೂ ಹುಟ್ಟಬಹುದು. ಪಾಚಿಯ ಪ್ರೋಟೀನನ್ನು ಒಡೆದು ಪಡೆದ ಅಮೈನೋ ಆಮ್ಲಗಳು ಆ ಕೊರತೆ ತುಂಬಬಲ್ಲವು. ಅಲ್ಲಿಗೆ ರುಚಿಯ ಮಾತು ಒಪ್ಪಬಹುದು.

ಪುಷ್ಟಿಯ ಮಾತು ಹಾಗಲ್ಲ. ವೈನು ಹುಳಿ, ಪಾಚಿಯ ನೀಲಿ ಬಣ್ಣ ಹುಳಿಯಲ್ಲಿ ಬಾಳದು. ಕೆಂಪು ವೈನಿನ ಒಗರು ಪ್ರೋಟೀನಿಗೆ ಅಂಟಿಕೊಂಡು ಗಷ್ಟಾಗಿ ತಳಕ್ಕಿಳಿಯುತ್ತದೆ. ಸೋಸಿದ ಮೇಲೆ ಅದೂ ಹೋಯಿತು. ಬಟ್ಟಲಲ್ಲಿ ಉಳಿಯುವುದು ಮದ್ಯವೇ, ಮದ್ಯ ಆಹಾರವಲ್ಲ.

ಪುಷ್ಟಿ ಬೇಕಾಗಿರುವುದು ವೈನು ಕುಡಿಯುವವರಿಗಿಂತ ಅಂಗನವಾಡಿಯ ಮಕ್ಕಳಿಗೆ, ರಕ್ತಹೀನತೆಯಿಂದ ಬಳಲುವ ತಾಯಂದಿರಿಗೆ. ಸ್ಪಿರುಲಿನಾ ಬೆರೆಸಿದ ಚಿಕ್ಕಿಯ ವಿಧಾನವನ್ನೂ ಮೈಸೂರಿನ ಸಂಸ್ಥೆ ರೂಪಿಸಿದೆ. ಬೆಲ್ಲದ ಸಿಹಿಯಲ್ಲಿ ಪಾಚಿಯ ವಾಸನೆ ಅಡಗುತ್ತದೆ, ಮಕ್ಕಳೂ ಮುಖ ತಿರುಗಿಸುವುದಿಲ್ಲ.

ಹಾಗೆಂದು ಪಾಚಿ ಪವಾಡವಲ್ಲ. 3 ಗ್ರಾಂ ಪುಡಿಯಲ್ಲಿ ಸಿಗುವ ಪ್ರೋಟೀನು 2 ಗ್ರಾಂಗೂ ಕಡಿಮೆ. ಒಂದು ಹಿಡಿ, ಅಂದರೆ 30 ಗ್ರಾಂ ತೊಗರಿ ಬೇಳೆಯಲ್ಲಿ 6 ಗ್ರಾಂ ಇದೆ. ಬೀದರಿನ ಪೇಟೆಗೆ ತೊಗರಿ, ಹೆಸರು, ಉದ್ದು ಬರುವುದು ಸುತ್ತಲಿನ ಹೊಲಗಳಿಂದಲೇ. ಹೊಟ್ಟೆ ತುಂಬಲು ಜೋಳದ ರೊಟ್ಟಿ, ಬೇಳೆ. ಕಬ್ಬಿಣದ ಕೊರತೆಗೆ ಆಸರೆಯಾಗಿ ಮಾತ್ರ ಪಾಚಿ ಎಂಬುದೇ ಸರಿಯಾದ ಲೆಕ್ಕ.

ಇನ್ನೊಂದು ಎಚ್ಚರಿಕೆ. ಕೆರೆ, ಬಾವಿಗಳ ಹಾವಸೆಯನ್ನು ಯಾರೂ ಬಾಯಿಗಿಡಬಾರದು. ಅದರಲ್ಲಿ ವಿಷದ ಜಾತಿಗಳಿರುತ್ತವೆ. ಶುದ್ಧ ತೊಟ್ಟಿಯಲ್ಲಿ ಬೆಳೆದು, ಪರೀಕ್ಷೆಗೆ ಒಳಗಾದದ್ದಷ್ಟೇ ತಿನ್ನಲು ಯೋಗ್ಯ.