ಅರಸ್ತುವಿನಿಂದ ಪಡೆದದ್ದು, ಬಿಟ್ಟದ್ದು

ದೋಣಿಗಲ್‌ನ ನಮ್ಮ ಜಮಾಅತ್‌ನ ತಂದೆಯೊಬ್ಬರು ಕೇಳಿದ ಪ್ರಶ್ನೆಯೇ ಈ ಜುಮಾದ ವಿಷಯವಾಯಿತು. ಅವರ ಮಗ ದರ್ಸ್‌ನಲ್ಲಿ ಕಲಿಯುತ್ತಿದ್ದಾನೆ. ರಜೆಗೆ ಬಂದವನ ಚೀಲದಲ್ಲಿ 'ಶರಹ್ ತಹ್‌ದೀಬ್' ಇತ್ತು. ಅದು ಮಂತಿಕ್, ಅಂದರೆ ತರ್ಕಶಾಸ್ತ್ರದ ಕಿತಾಬ್, ಈ ವಿದ್ಯೆಯ ಮೂಲ ಗ್ರೀಸಿನ ಅರಸ್ತು ಎಂದು ಮಗ ಹೇಳಿದನಂತೆ. "ಉಸ್ತಾದರೇ, ಕುರ್‌ಆನ್, ಹದೀಸ್ ಕಲಿಯಲು ಕಳುಹಿಸಿದ ಹುಡುಗನಿಗೆ ಇವನ ವಿದ್ಯೆ ಯಾಕೆ?" ಕೇಳಲೇಬೇಕಾದ ಪ್ರಶ್ನೆ.

ಶಾಲೆಯ ಪುಸ್ತಕದಲ್ಲಿ ಅರಿಸ್ಟಾಟಲ್ ಎಂದಿರುವವನೇ ನಮ್ಮ ಕಿತಾಬುಗಳ ಅರಸ್ತು. ಕ್ರಿ.ಪೂ. 384ರಲ್ಲಿ ಹುಟ್ಟಿದವನು, ಅಫ್ಲಾತೂನನ ಶಿಷ್ಯ, ಅಲೆಕ್ಸಾಂಡರನ ಗುರು. ಅಬ್ಬಾಸಿ ಖಲೀಫರ ಕಾಲದಲ್ಲಿ ಬಗ್ದಾದಿನಲ್ಲಿ ಅವನ ಗ್ರಂಥಗಳು ಅರಬಿಗೆ ಬಂದವು. ಫಾರಾಬಿಯವರನ್ನು 'ಎರಡನೆಯ ಗುರು' ಎಂದು ಕರೆಯುತ್ತಿದ್ದರು. ಮೊದಲನೆಯ ಗುರು ಅರಸ್ತು, ಅಷ್ಟು ಗೌರವ.

ಅವನು ಬಿಟ್ಟುಹೋದುದರಲ್ಲಿ ದೊಡ್ಡದು, ತೀರ್ಮಾನಕ್ಕೆ ಬರುವ ಕ್ರಮ. ಎರಡು ಮಾತನ್ನು ಒಪ್ಪಿದವನು ಮೂರನೆಯದನ್ನೂ ಒಪ್ಪಲೇಬೇಕಾಗುವಂತೆ ಅವುಗಳನ್ನು ಜೋಡಿಸುವುದು. ಅಮಲೇರಿಸುವುದೆಲ್ಲ ಹರಾಮ್, ಗಾಂಜಾ ಅಮಲೇರಿಸುತ್ತದೆ, ಆದ್ದರಿಂದ ಗಾಂಜಾ ಹರಾಮ್. ಕುರ್‌ಆನಿನಲ್ಲಿ ಗಾಂಜಾದ ಹೆಸರೆಲ್ಲಿದೆ ಎಂದು ವಾದಿಸುವ ಹುಡುಗರಿಗೆ ಇಷ್ಟು ಸಾಕು.

ತಪ್ಪು ಜೋಡಣೆಯೂ ಇದೆ. ಆನೆ ನುಗ್ಗಿದರೆ ಕಾಫಿ ಗಿಡ ಮುರಿಯುತ್ತದೆ, ಗಿಡ ಮುರಿದಿದೆ, ಆದ್ದರಿಂದ ಆನೆ ನುಗ್ಗಿದೆ. ಕೇಳಲು ಸರಿಯೆನಿಸುತ್ತದೆ, ಆದರೆ ಸರಿಯಲ್ಲ. ಸಿಲ್ವರ್ ಮರದ ಕೊಂಬೆ ಬಿದ್ದರೂ ಗಿಡ ಮುರಿಯುತ್ತದೆ. ಆನೆಯ ಬಗ್ಗೆ ಹೀಗೆ ತಪ್ಪಿದರೆ ಒಂದು ರಾತ್ರಿ ನಿದ್ದೆಗೆಟ್ಟಂತಾಯಿತು, ಅಷ್ಟೇ. ಕಣದಿಂದ ಕಾಫಿ ಚೀಲ ಕಳುವಾದಾಗಲೂ ನಾವು ಇದೇ ರೀತಿ ಯೋಚಿಸುತ್ತೇವೆ: ಕದ್ದವನು ರಾತ್ರಿ ಆ ದಾರಿಯಲ್ಲಿ ಹೋಗಿರಬೇಕು; ಲೈನ್ ಮನೆಯ ಅಸ್ಸಾಮಿನ ಹುಡುಗ ರಾತ್ರಿ ಆ ದಾರಿಯಲ್ಲಿ ಹೋದ; ಆದ್ದರಿಂದ ಅವನೇ ಕಳ್ಳ. ಪೊಲೀಸರು ಬರುವ ಮೊದಲೇ ಅವನಿಗೆ ಏಟು ಬಿದ್ದಿರುತ್ತದೆ. ಸುದ್ದಿ ಬಂದಾಗ ವಿಚಾರಿಸಿ ನೋಡಬೇಕು, ಅರಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಮರುಗುವಂತಾಗಬಾರದು ಎಂಬುದು ಸೂರಃ ಹುಜುರಾತ್‌ನ ಆದೇಶ. ವಿಚಾರಿಸುವುದು ಹೇಗೆ ಎಂಬುದರ ಒಂದು ಪಾಲು ಈ ಮಂತಿಕ್.

ನಮ್ಮ ಶಾಫಿಈ ಮದ್‌ಹಬಿನ ಇಮಾಮ್ ಗಝ್ಝಾಲಿ(ರ) ಗ್ರೀಕರ ಹಿಂದೆ ಹೋದ ದಾರ್ಶನಿಕರನ್ನು 'ತಹಾಫುತುಲ್ ಫಲಾಸಿಫ'ದಲ್ಲಿ 20 ವಿಷಯಗಳಲ್ಲಿ ಖಂಡಿಸಿದರು. ಮೂರು ವಾದಗಳನ್ನು ಕುಫ್ರ್ ಎಂದೇ ತೀರ್ಮಾನಿಸಿದರು: ಜಗತ್ತಿಗೆ ಆರಂಭವಿಲ್ಲ ಎಂಬುದು, ಅಲ್ಲಾಹನಿಗೆ ಬಿಡಿಬಿಡಿ ಸಂಗತಿಗಳ ಅರಿವಿಲ್ಲ ಎಂಬುದು, ಸತ್ತ ದೇಹ ಮತ್ತೆ ಏಳದು ಎಂಬುದು. ಮೊದಲನೆಯದಂತೂ ಅರಸ್ತುವಿನದೇ ವಾದ. ಆದರೆ ಅದೇ ಇಮಾಮರು ತಮ್ಮ ಉಸೂಲುಲ್ ಫಿಕ್‌ಹ್ ಗ್ರಂಥ 'ಅಲ್ ಮುಸ್ತಸ್ಫಾ'ವನ್ನು ಮಂತಿಕ್‌ನ ಪೀಠಿಕೆಯಿಂದಲೇ ಆರಂಭಿಸಿದರು. ನಮ್ರೂದನ ಜೊತೆ ಸೂರ್ಯೋದಯದ ಕುರಿತು ಇಬ್ರಾಹೀಮ್(ಅ) ನಡೆಸಿದ ವಾದದಲ್ಲೇ ಇಂಥ ತಕ್ಕಡಿ ಇದೆಯೆಂದು 'ಅಲ್ ಕಿಸ್ತಾಸುಲ್ ಮುಸ್ತಕೀಮ್'ನಲ್ಲಿ ತೋರಿಸಿದರು. ಮಗ ಓದುತ್ತಿರುವುದು ಈ ದಾರಿಯಲ್ಲಿ ಸೋಸಿ ಬಂದ ವಿದ್ಯೆ.

ಎಲ್ಲ ಉಲಮಾಗಳೂ ಇದನ್ನು ಒಪ್ಪಲಿಲ್ಲ. ಇಬ್ನು ತೈಮಿಯ್ಯ(ರ) ಮಂತಿಕ್‌ನ ಖಂಡನೆಗೆಂದೇ ದೊಡ್ಡ ಗ್ರಂಥ ಬರೆದರು. ಜಾಣನಿಗೆ ಅದು ಬೇಕಿಲ್ಲ, ದಡ್ಡನಿಗೆ ಅದರಿಂದ ಪ್ರಯೋಜನವಿಲ್ಲ ಎಂಬುದು ಅವರ ನಿಲುವು. (ನಮ್ಮ ಸಫ್‌ಗಳಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಈ ಇಬ್ಬರ ನಡುವಿನವರು ಎಂದು ನನ್ನ ಅನಿಸಿಕೆ.)

ಮಂತಿಕ್‌ಗೆ ಒಂದು ಮಿತಿಯಿದೆ. ಅದು ಜೋಡಣೆಯನ್ನು ಪರೀಕ್ಷಿಸುತ್ತದೆ, ಜೋಡಿಸಿದ ಮಾತು ಸತ್ಯವೇ ಎಂದು ಹೇಳಲಾರದು. ಅದನ್ನು ರೂಪಿಸಿದ ಅರಸ್ತುವೇ ಇಲ್ಲಿ ಎಡವಿದ. ಗಂಡಸರಿಗಿಂತ ಹೆಂಗಸರಿಗೆ ಹಲ್ಲು ಕಡಿಮೆ ಎಂದು ಬರೆದ. ಇದು ನಕ್ಕುಬಿಡುವ ತಪ್ಪು. ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದೂ ಬರೆದ, ಇದಕ್ಕೆ ನಗಲಾಗದು. ಅವನು ಸತ್ತು 1800 ವರ್ಷ ಕಳೆದ ಮೇಲೂ, 1550ರಲ್ಲಿ ಸ್ಪೇನಿನ ವಯ್ಯಾದೋಲಿದ್ ನಗರದಲ್ಲಿ ಅಮೆರಿಕದ ಮೂಲನಿವಾಸಿಗಳ ಕುರಿತು ಚರ್ಚೆ ನಡೆದಾಗ, ಸೆಪುಲ್ವೇದ ಎಂಬ ವಿದ್ವಾಂಸ ಇದನ್ನೇ ಆಧಾರ ಮಾಡಿಕೊಂಡ. ಹುಟ್ಟುಗುಲಾಮರನ್ನು ಬಲದಿಂದ ಆಳುವುದು ನ್ಯಾಯ, ಇವರು ಅಂಥವರು, ಆದ್ದರಿಂದ ಇವರನ್ನು ಆಳುವುದು ನ್ಯಾಯ. ಜೋಡಣೆಯಲ್ಲಿ ಕೊರತೆಯಿಲ್ಲ. ಸುಳ್ಳು ಇರುವುದು ಒಳಗಿನ ಮಾತಿನಲ್ಲಿ. ಅದಕ್ಕೆ ಒಂಬೈನೂರು ವರ್ಷ ಮೊದಲೇ, ಎಲ್ಲ ಮನುಷ್ಯರೂ ಒಂದೇ ಗಂಡು, ಒಂದೇ ಹೆಣ್ಣಿನ ಸಂತತಿ ಎಂದು ಅದೇ ಸೂರಃ ಹುಜುರಾತ್ ಸಾರಿತ್ತು. ಮಕ್ಕಾ ವಿಜಯದ ದಿನ ಕಅಬಾದ ಮೇಲೇರಿ ಅಝಾನ್ ಕೊಟ್ಟವರು ಬಿಲಾಲ್(ರ), ಅದೇ ಮಕ್ಕಾದಲ್ಲಿ ಗುಲಾಮರಾಗಿದ್ದವರು.