ತೇವಾಂಶ ಸೆನ್ಸರ್: ನಂಬುವ ಮುನ್ನ ಪರೀಕ್ಷಿಸಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಪಾಲಿಹೌಸಿನ ಗುಲಾಬಿ ಇವೆಲ್ಲ ಬಹುಮಟ್ಟಿಗೆ ಕೊಳವೆಬಾವಿಯ ನೀರನ್ನೇ ನಂಬಿವೆ. ಆಳದಿಂದ ಎತ್ತಿದ ಈ ನೀರನ್ನು ಅಳತೆಯರಿತು ಕೊಡಬೇಕೆಂಬ ಉದ್ದೇಶದಿಂದ ಹಲವು ಬೇಸಾಯಗಾರರು ಹನಿ ನೀರಾವರಿಯ ಜೊತೆಗೆ ಮಣ್ಣಿನ ತೇವಾಂಶ ಸೆನ್ಸರ್‌ಗಳನ್ನು ಅಳವಡಿಸಿಕೊಂಡಿದ್ದಾರೆ. ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ಬೋರ್ಡು ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆ ಎಚ್ಚೆತ್ತು, ಸೆನ್ಸರ್ ಓದಿ, ಅಂಕಿಯನ್ನು ಮೊಬೈಲಿಗೆ ಕಳುಹಿಸಿ ಮತ್ತೆ ನಿದ್ರಿಸುತ್ತದೆ. ಆದುದರಿಂದಲೇ ಅದಕ್ಕೆ ಸಣ್ಣ ಬ್ಯಾಟರಿ, ಸಣ್ಣ ಸೌರಫಲಕ ಸಾಕಾಗುತ್ತದೆ.

ಸೆನ್ಸರ್ ಪೂರ್ತಿ ಕೆಟ್ಟು ನಿಂತರೆ ಕೂಡಲೇ ತಿಳಿಯುತ್ತದೆ. ತಪ್ಪು ಅಂಕಿ ಕೊಡುತ್ತ ನಡೆಯುತ್ತಿದ್ದರೆ ತಿಳಿಯುವುದಿಲ್ಲ, ನಷ್ಟವಾಗುವುದು ಅಲ್ಲಿಯೇ. ಒಣಗಿದ ನೆಲವನ್ನು ಹಸಿಯೆಂದು ತೋರಿಸಿದರೆ ಬೆಳೆ ಬಾಡುತ್ತದೆ. ಹಸಿ ನೆಲವನ್ನು ಒಣಗಿದೆಯೆಂದು ತೋರಿಸಿದರೆ ನೀರು ಮತ್ತು ಸಾರಜನಕ ಬೇರಿನಿಂದ ಕೆಳಗಿಳಿದು ವ್ಯರ್ಥವಾಗುತ್ತವೆ. ಮಾಗುತ್ತಿರುವ ದ್ರಾಕ್ಷಿ ಕಾಯಿ ಸೀಳುವ ಭಯವೂ ಉಂಟು. ಆದ್ದರಿಂದ ಸೆನ್ಸರ್ ತೋರಿಸುವ ಅಂಕಿಯನ್ನು ನೀರು ಬಿಡುವುದಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಮೊದಲು ಅದನ್ನು ಪರೀಕ್ಷಿಸುವುದು ಅಗತ್ಯ.

ಹೂಳುವ ಮುನ್ನ ಮನೆಯಲ್ಲೇ ಪರೀಕ್ಷೆ

ಎರಡು ಲೋಹದ ಕಡ್ಡಿಗಳ ಅಗ್ಗದ ಸೆನ್ಸರ್ ಮಣ್ಣಿನಲ್ಲಿ ಬೇಗನೆ ತುಕ್ಕು ಹಿಡಿಯುತ್ತದೆ. ಕಾಯಂ ಆಗಿ ಹೂಳಲು ಅದು ತಕ್ಕುದಲ್ಲ. ಚಪ್ಪಟೆ ಪಟ್ಟಿಯಂತಿರುವ ಕೆಪಾಸಿಟಿವ್ ಮಾದರಿಯನ್ನೇ ಆರಿಸಿಕೊಳ್ಳಬೇಕು. ಅದನ್ನು ಮೊದಲು ಗಾಳಿಯಲ್ಲಿ ಹಿಡಿದು ಅಂಕಿ ಬರೆದುಕೊಳ್ಳಿ. ನಂತರ ಗುರುತಿನ ಗೆರೆಯವರೆಗೆ ಮಾತ್ರ ನೀರಿನಲ್ಲಿ ಅದ್ದಿ ಬರೆದುಕೊಳ್ಳಿ. ಸಾಮಾನ್ಯವಾಗಿ ಒಣಗಿದ್ದಾಗ ಕಚ್ಚಾ ಅಂಕಿ ಹೆಚ್ಚು, ಒದ್ದೆಯಾದಾಗ ಕಡಿಮೆ. ಎರಡರ ನಡುವೆ ದೊಡ್ಡ ಅಂತರವಿರಬೇಕು. ಹತ್ತು ಸಲ ಓದಿದರೂ ಹೆಚ್ಚು ಕಡಿಮೆ ಅದೇ ಅಂಕಿ ಬರಬೇಕು.

ಉಷ್ಣತೆಯ ಸೆನ್ಸರನ್ನು ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಕಲಕುತ್ತ ಹಿಡಿದರೆ ೦ ಡಿಗ್ರಿ ಸೆಲ್ಸಿಯಸ್‌ಗೆ ಸಮೀಪ ತೋರಿಸಬೇಕು. ಕುದಿಯುವ ನೀರಿನಲ್ಲಿ ೧೦೦ ಬರಲಿಲ್ಲವೆಂದು ಸೆನ್ಸರನ್ನು ದೂರಬೇಡಿ. ನಮ್ಮ ಜಿಲ್ಲೆ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ೯೭ ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ.

ಪಾಲಿಹೌಸಿನ ಗಾಳಿಯ ಆರ್ದ್ರತೆ ಅಳೆಯುವ ಸೆನ್ಸರಿಗೆ ಅಡುಗೆ ಉಪ್ಪು ಸಾಕು. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿ ಹೋಗದಂತೆ ಕೆಲವು ಹನಿ ನೀರು ಬೆರೆಸಿ, ಸೆನ್ಸರಿಗೆ ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿಡಿ. ನೆರಳಿನಲ್ಲಿ ಒಂದು ರಾತ್ರಿ ಬಿಟ್ಟರೆ ಒಳಗಿನ ಆರ್ದ್ರತೆ ಶೇಕಡ ೭೫ರಲ್ಲಿ ನಿಲ್ಲುತ್ತದೆ. ಸೆನ್ಸರ್ ಇದಕ್ಕಿಂತ ಬಹಳ ದೂರವಿದ್ದರೆ ಬದಲಾಯಿಸಬೇಕು.

ತಕ್ಕಡಿಯೊಡನೆ ಹೋಲಿಕೆ

ಒಂದೇ ಸೆನ್ಸರ್ ಕೆಂಪು ಗೋಡುಮಣ್ಣಿನಲ್ಲಿ ಒಂದು ಅಂಕಿ, ಕೆರೆಗೋಡು ಹಾಕಿದ ಹೊಲದಲ್ಲಿ ಇನ್ನೊಂದು ಅಂಕಿ ತೋರಿಸಬಹುದು. ಆದಕಾರಣ ನಿಮ್ಮ ಮಣ್ಣಿನಲ್ಲೇ ಹೋಲಿಸಿ ನೋಡತಕ್ಕದ್ದು. ಸೆನ್ಸರಿನ ಪಕ್ಕದಿಂದ, ಅದೇ ಆಳದಿಂದ ೧೦೦ ಗ್ರಾಂ ಮಣ್ಣು ತೆಗೆಯಿರಿ. ಪ್ರಯೋಗಾಲಯದಲ್ಲಿ ಇದನ್ನು ೧೦೫ ಡಿಗ್ರಿಯಲ್ಲಿ ೨೪ ಗಂಟೆ ಒಣಗಿಸುತ್ತಾರೆ. ಮನೆಯಲ್ಲಿ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬಹುದು. ಒಣಮಣ್ಣು ೮೬ ಗ್ರಾಂ ಉಳಿದರೆ ಹೋದ ನೀರು ೧೪ ಗ್ರಾಂ. ೧೪ನ್ನು ೮೬ರಿಂದ ಭಾಗಿಸಿ ೧೦೦ರಿಂದ ಗುಣಿಸಿದರೆ ತೇವಾಂಶ ಶೇಕಡ ೧೬.೩. ನೀರು ಕೊಟ್ಟ ಮರುದಿನ ಒಮ್ಮೆ, ನೆಲ ಆರುತ್ತ ಬಂದಂತೆ ಮೂರು ನಾಲ್ಕು ಸಲ ಹೀಗೆ ತೂಗಿ, ಸೆನ್ಸರಿನ ಅಂಕಿಯನ್ನು ಪಕ್ಕದಲ್ಲಿ ಬರೆದಿಡಿ. ಎರಡೂ ಒಟ್ಟಿಗೆ ಇಳಿಯುತ್ತ ಬಂದರೆ ಸೆನ್ಸರ್ ನಂಬಿಕೆಗೆ ಅರ್ಹ. ಕೆಲವು ಉಪಕರಣಗಳು ತೇವಾಂಶವನ್ನು ತೂಕದ ಬದಲು ಗಾತ್ರದ ಶೇಕಡವಾರಿನಲ್ಲಿ ತೋರಿಸುತ್ತವೆ. ಅಲ್ಲಿ ಅಂಕಿ ಹೆಚ್ಚಿರುವುದು ಸಹಜ.

ದೋಷ ಹುಡುಕುವ ಕ್ರಮ

ಅಂಕಿ ಅನುಮಾನ ಹುಟ್ಟಿಸಿದರೆ ಸೆನ್ಸರನ್ನು ಕಿತ್ತು ಬಿಸಾಡುವ ಮುನ್ನ ಈ ಕ್ರಮದಲ್ಲಿ ನೋಡಿ.

೧. ಬ್ಯಾಟರಿ: ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ತುಂಬಿದಾಗ ೪.೨ ವೋಲ್ಟ್ ಇರುತ್ತದೆ. ಬೋರ್ಡು ಸಂದೇಶ ಕಳುಹಿಸುವ ಹೊತ್ತಿನಲ್ಲೇ ಮಲ್ಟಿಮೀಟರಿನಿಂದ ಅಳೆಯಿರಿ. ಆಗ ವೋಲ್ಟೇಜ್ ಥಟ್ಟನೆ ಕುಸಿದರೆ ಸೆಲ್ ದುರ್ಬಲ ಅಥವಾ ಜೋಡಣೆ ಸಡಿಲ. ಮಧ್ಯಾಹ್ನ ಸರಿಯಾಗಿದ್ದು ಬೆಳಗಿನ ಜಾವ ಅಂಕಿ ತಪ್ಪುತ್ತಿದ್ದರೆ ಸೌರಫಲಕದ ಧೂಳು ಒರೆಸಿ, ಬ್ಯಾಟರಿ ಪರೀಕ್ಷಿಸಿ.

೨. ತಂತಿ: ಇಲಿ ಕಡಿತ, ಗುದ್ದಲಿ ಏಟು, ಹಸಿರು ತುಕ್ಕು ಹಿಡಿದ ಕೂಡುಗಳನ್ನು ನೋಡಿ. ತಂತಿ ಅಲುಗಿಸಿದಾಗ ಅಂಕಿ ಜಿಗಿದರೆ ದೋಷ ಅಲ್ಲಿಯೇ ಇದೆ. ಬಹಳ ಬಳಕೆಯಲ್ಲಿರುವ ಡಿ.ಎಸ್. ೧೮ಬಿ೨೦ ಉಷ್ಣತಾ ಸೆನ್ಸರ್ ಮೈನಸ್ ೧೨೭ ತೋರಿಸಿದರೆ ತಂತಿಯ ಸಂಪರ್ಕ ತಪ್ಪಿದೆಯೆಂದು ತಿಳಿಯಬೇಕು.

೩. ಓದುವ ಸಮಯ: ವಿದ್ಯುತ್ ಉಳಿಸಲು ಬೋರ್ಡು ನಿದ್ರೆಯಲ್ಲಿ ಸೆನ್ಸರನ್ನೂ ಆರಿಸುತ್ತದೆ. ಎಚ್ಚೆತ್ತ ಕೂಡಲೇ ಓದಿದರೆ ಸೆನ್ಸರ್ ಇನ್ನೂ ಸಿದ್ಧವಾಗಿರುವುದಿಲ್ಲ. ಮೇಲೆ ಹೇಳಿದ ಉಷ್ಣತಾ ಸೆನ್ಸರಿಗೆ ಮುಕ್ಕಾಲು ಸೆಕೆಂಡ್ ಬೇಕು. ಅವಸರಿಸಿದರೆ ೮೫ ಡಿಗ್ರಿ ಎಂಬ ಸುಳ್ಳು ಅಂಕಿ ಬರುತ್ತದೆ. ಇದನ್ನು ಸರಿಪಡಿಸುವಂತೆ ಉಪಕರಣ ಅಳವಡಿಸಿದವರಿಗೆ ಹೇಳಿ.

೪. ಮಣ್ಣಿನ ಸಂಪರ್ಕ: ಕಲ್ಲುಮಿಶ್ರಿತ ಕೆಂಪು ಮಣ್ಣಿನಲ್ಲಿ ಸೆನ್ಸರಿನ ಸುತ್ತ ಗಾಳಿ ಉಳಿದರೆ ನೆಲ ಹಸಿಯಿದ್ದರೂ ಒಣಗಿದೆಯೆಂದು ತೋರಿಸುತ್ತದೆ. ಅದೇ ಮಣ್ಣನ್ನು ಜರಡಿ ಹಿಡಿದು ಕೆಸರು ಮಾಡಿ ಸುತ್ತಲೂ ತುಂಬಿ ಒತ್ತಬೇಕು. ಹನಿ ಬೀಳುವ ಜಾಗದ ನೇರ ಕೆಳಗೆ ಹೂಳಬಾರದು. ರಸಗೊಬ್ಬರವನ್ನು ನೀರಿನೊಡನೆ ಕೊಟ್ಟಾಗ ಲವಣದಿಂದಲೂ ಅಂಕಿ ವ್ಯತ್ಯಾಸವಾಗಬಹುದು.

೫. ಅದಲು ಬದಲು: ಇಷ್ಟಾದರೂ ಸರಿಯಾಗದಿದ್ದರೆ ಚೆನ್ನಾಗಿರುವ ಅದೇ ಮಾದರಿಯ ಸೆನ್ಸರನ್ನು ಅದೇ ತಂತಿಗೆ ಜೋಡಿಸಿ. ಅಂಕಿ ಸರಿಹೋದರೆ ಹಳೆಯ ಸೆನ್ಸರ್ ಕೆಟ್ಟಿದೆ. ಸರಿಹೋಗದಿದ್ದರೆ ದೋಷ ತಂತಿಯಲ್ಲೋ ಬೋರ್ಡಿನಲ್ಲೋ ಇದೆ.

ವಾರಕ್ಕೊಮ್ಮೆ ಸೆನ್ಸರಿನ ಬಳಿ ಬೇರಿನ ಆಳಕ್ಕೆ ಅಗೆದು ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡುವುದನ್ನು ಬಿಡಬಾರದು. ಉಂಡೆ ಕಟ್ಟುವ ಮಣ್ಣನ್ನು ಉಪಕರಣ ಒಣಗಿದೆ ಎಂದರೆ, ಅಥವಾ ಪುಡಿಯಾಗಿ ಉದುರುವ ಮಣ್ಣನ್ನು ಹಸಿ ಎಂದರೆ, ಕಾರಣ ಸಿಗುವವರೆಗೆ ಸ್ವಯಂಚಾಲಿತ ವಾಲ್ವನ್ನು ನಿಲ್ಲಿಸಿ ಕೈಯ ಅಂದಾಜಿನ ಮೇಲೆ ನೀರು ಕೊಡುವುದು ಲೇಸು. ಮಣ್ಣು ಪರೀಕ್ಷೆ ಮತ್ತು ನೀರಾವರಿಯ ಬಗ್ಗೆ ಹೆಚ್ಚಿನ ಸಲಹೆ ಬೇಕಾದ ರೈತ ಬಾಂಧವರು ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳನ್ನು ಕಾಣಬಹುದು.