ಕಾಕನಕೋಟೆಯ ದೊಡ್ಡಿಯಿಂದ ಬಂದ ಅರ್ಜುನ

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಹೆಸರಿನಲ್ಲೇ ಒಂದು ದೊಡ್ಡಿ ಇದೆ. ದೊಡ್ಡಿ ಅಂದರೆ ದನಕರು ಕೂಡುವ ಜಾಗ. ಯಾರದೋ ಹೊಲಕ್ಕೆ ನುಗ್ಗಿದ ಎಮ್ಮೆಯನ್ನು ಊರದೊಡ್ಡಿಗೆ ಹೊಡೆದು, ಒಡೆಯ ದಂಡ ಕಟ್ಟಿದ ಮೇಲೆ ಬಿಡುತ್ತಿದ್ದುದು ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ. ಮಕ್ಕಳೇ, ಆನೆಗೂ ಇಂಥದ್ದೊಂದು ದೊಡ್ಡಿ ಇತ್ತು. ಅದರ ಹೆಸರು ಖೆಡ್ಡಾ. ಅಲ್ಲಿ ಸಿಕ್ಕವರನ್ನು ಬಿಡಿಸಿಕೊಳ್ಳಲು ಮಾತ್ರ ಯಾರೂ ಬರುತ್ತಿರಲಿಲ್ಲ.

ಮೈಸೂರು ಸೀಮೆಯಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1874ರಲ್ಲಿ ಚಾಮರಾಜನಗರದ ಕಡೆ ಹೀಗೆ ಆನೆ ಹಿಡಿದ. ಆಮೇಲೆ ಹೆಸರಾದದ್ದು ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡು. ಕಾಡು ಬಲ್ಲ ಕುರುಬರು ತಮಟೆ ಬಡಿದು, ಪಂಜು ಹಿಡಿದು, ಕೂಗುತ್ತಾ ಹಿಂಡನ್ನು ಕಬಿನಿ ಹೊಳೆಗೆ ಅಟ್ಟುವರು. ಹೊಳೆ ದಾಟಿದರೆ ಎದುರಿಗೆ ದಪ್ಪ ಮರದ ದಿಮ್ಮಿಗಳ ಆವರಣ. ಒಳಗೆ ಹೋದದ್ದೇ ಬಾಗಿಲು ದಬಕ್ಕನೆ ಬೀಳುತ್ತಿತ್ತು. ಬಳಿಕ ಪಳಗಿದ ಆನೆಗಳ ಮೇಲೆ ಮಾವುತರು ಒಳಹೊಕ್ಕು ಕಾಲಿಗೆ ಹಗ್ಗ ಬಿಗಿಯುತ್ತಿದ್ದರು. ಆನೆಯನ್ನು ಕಟ್ಟಲು ಆನೆಯೇ ಬೇಕು! ರಾಜಮನೆತನದ ಅತಿಥಿಗಳಿಗೆ ಇದೊಂದು ನೋಡುವ ಹಬ್ಬ. ಆನೆಗಳಿಗೆ ಏನಾಗಿತ್ತೋ, ಕೇಳಿದವರಿಲ್ಲ.

1968ರಲ್ಲಿ ಅಲ್ಲಿ ಸಿಕ್ಕಿದವನು ಅರ್ಜುನ. ಆಗಿನ್ನೂ ಎಳೆಯ. ಪಳಗಿ, ಮಾವುತರ ಮಾತು ಕಲಿತು, ಬಳ್ಳೆ ಶಿಬಿರದ ಆನೆಯಾದ. 2012ರಿಂದ 2019ರವರೆಗೆ ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತು ನಡೆದವನು ಅವನೇ. ನಮ್ಮಲ್ಲಿ ಎಷ್ಟೋ ಮನೆಯವರು ಟಿವಿ ಮುಂದೆ ಕೂತು ಅವನನ್ನು ನೋಡಿದವರು.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಾಕನಕೋಟೆಯ ಆ ಜಾಗ ಈಗ ಕಬಿನಿ ಹಿನ್ನೀರಿನಡಿ. ಆದರೆ ಆನೆ ಹಿಡಿಯುವ ಕೆಲಸ ನಿಲ್ಲಲಿಲ್ಲ. ಕಾಫಿ ತೋಟ, ಗದ್ದೆಗೆ ಬರುವ ಒಂಟಿ ಸಲಗವನ್ನು ಮದ್ದಿನ ಚುಚ್ಚುಮದ್ದು ಹೊಡೆದು, ಪಳಗಿದ ಆನೆಗಳ ನೆರವಿನಿಂದ ಹಿಡಿಯುತ್ತಾರೆ. ಬೆಳೆ ಕಳೆದುಕೊಂಡ ರೈತನ ಸಂಕಟ ದೊಡ್ಡದೇ, ಅದನ್ನು ಅಲ್ಲಗಳೆಯುವಂತಿಲ್ಲ.

2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಬಳಿ ಅಂಥದ್ದೇ ಕಾರ್ಯಾಚರಣೆ. ಅರವತ್ತು ದಾಟಿದ್ದ ಅರ್ಜುನನೂ ಹೋಗಿದ್ದ. ಎದುರಾದ ಕಾಡಾನೆಯ ಜೊತೆ ಕಾದಾಡುತ್ತಲೇ ಅವನು ಬಿದ್ದ. ಸುದ್ದಿ ತಿಳಿದು ಜನ ಕಣ್ಣೀರಿಟ್ಟರು. ಅವನನ್ನು ಮಣ್ಣು ಮಾಡಿದ್ದು ಮೈಸೂರಿನಲ್ಲಲ್ಲ, ಬಳ್ಳೆಯಲ್ಲೂ ಅಲ್ಲ, ಬಿದ್ದ ಕಾಡಿನಲ್ಲೇ.